ಡೌಟಣ್ಣನ ನಾಲ್ಕು ಟೈರುಗಳು

ಡೌಟಣ್ಣನಿಗೆ ಅವನ ಜೀವಮಾನದಲ್ಲಿ ಒಮ್ಮೆಯೂ ಯಾರೂ ಮೋಸ ಮಾಡಿರಲಿಲ್ಲ. ಅವನ ಅನುಮಾನಕ್ಕೆ ಅದೇ ಮೂಲ ಕಾರಣ. ಐವತ್ತು ದಾಟಿದ ಮನುಷ್ಯನಿಗೆ ಇಷ್ಟು ವರ್ಷ ಒಬ್ಬರೂ ಟೋಪಿ ಹಾಕಿಲ್ಲವೆಂದರೆ, ಎಲ್ಲರೂ ಸೇರಿ ಎಲ್ಲೋ ಒಂದು ಭಾರಿ ಟೋಪಿಯನ್ನೇ ಹೊಲಿಯುತ್ತಿದ್ದಾರೆ ಎಂದಲ್ಲದೆ ಬೇರೇನು ಅರ್ಥ? ಹಾಗಾಗಿ ಅವನು ಸದಾ ಎಚ್ಚರವಾಗಿರುತ್ತಿದ್ದ. ಕೊಡೆ ಕೊಳ್ಳಲು ಹೋದವನು ಅದನ್ನು ಅಲ್ಲೇ ಬಿಚ್ಚಿ, ಅಂಗಡಿಯವನ ತಲೆಯ ಮೇಲೆ ಹಿಡಿದು, ಒಂದು ಚೊಂಬು ನೀರು ಸುರಿದು ನೋಡಿದ್ದ. ಹಲ್ಲು ಕೀಳಿಸಿಕೊಂಡ ದಿನ ಕಿತ್ತ ಹಲ್ಲನ್ನು ಕೈಗೆ ತೆಗೆದುಕೊಂಡು, ನೋಯುತ್ತಿದ್ದದ್ದು ಇದೇ ಹೌದೋ ಅಲ್ಲವೋ ಎಂದು ಕನ್ನಡಿಯ ಮುಂದೆ ಬಾಯಿ ತೆರೆದು ತಾಳೆ ನೋಡಿದ್ದ. ಹೆಂಡತಿ ತಲೆನೋವು ಎಂದರೆ ಯಾವ ಕಡೆ ಎಂದು ಕೇಳಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳುತ್ತಿದ್ದ. ತಂದೆತಾಯಿ ಇಟ್ಟ ಹೆಸರು ಒಂದಿತ್ತು. ಸಂಬಳದ ದಿನ ಬಿಟ್ಟರೆ ಬೇರೆ ಯಾವತ್ತೂ ಅದನ್ನು ಯಾರೂ ಬಳಸುತ್ತಿರಲಿಲ್ಲ.

ಅವನು ನೀರು ಸರಬರಾಜು ಕಚೇರಿಯ ವಾಲ್ವ್‌ಮ್ಯಾನ್. ಊರಿನ ಬೆನ್ನಿಗೆ ಬರೀ ಬಂಡೆಗಳದೇ ಒಂದು ಗುಡ್ಡ, ಅದರ ನೆತ್ತಿಯಲ್ಲಿ ನೀರಿನ ಟ್ಯಾಂಕು. ದಿನಾ ಬೆಳಿಗ್ಗೆ ಡೌಟಣ್ಣ ಮೇಲೆ ಹೋಗಿ ವಾಲ್ವ್ ತಿರುಗಿಸಿದರೆ ಕೆಳಗೆ ಊರಿನ ನಲ್ಲಿಗಳು ಕೆಮ್ಮಿ, ಸೀನಿ, ನೀರು ಬಿಡುತ್ತಿದ್ದವು. ಮೊದಲೆಲ್ಲ ಅವನು ನಡೆದೇ ಹತ್ತುತ್ತಿದ್ದ. ಆಮೇಲೆ ಬಲಗಾಲಿನ ಮಂಡಿ ಕೈಕೊಟ್ಟಿತು. ಡಾಕ್ಟರು ಇನ್ನು ಗುಡ್ಡ ಹತ್ತಬೇಡಿ ಎಂದರು. ಡೌಟಣ್ಣ ಇನ್ನೂ ಇಬ್ಬರು ಡಾಕ್ಟರುಗಳನ್ನು ಕೇಳಿ, ಮೂವರೂ ಒಂದೇ ಮಾತು ಹೇಳಿದ್ದರಿಂದ ಮೂವರಿಗೂ ಒಳಒಪ್ಪಂದವಿದೆ ಎಂದು ತಿಳಿದುಕೊಂಡ. ಆದರೆ ಮಂಡಿ ಮಾತ್ರ ಸುಳ್ಳು ಹೇಳುತ್ತಿರಲಿಲ್ಲ. ಕೊನೆಗೆ ಕಚೇರಿಯವರು ಅವನಿಗೊಂದು ನಾಲ್ಕು ಚಕ್ರದ ಬೈಕು ಕೊಟ್ಟರು. ಹಿಡಿಕೆ ಬೈಕಿನದು, ದಪ್ಪ ದಪ್ಪ ಚಕ್ರಗಳು ನಾಲ್ಕು, ಕಲ್ಲು ಗುಂಡು ಯಾವುದನ್ನೂ ಲೆಕ್ಕಿಸದೆ ಹತ್ತುವ ಗಾಡಿ. ಅದು ಬಂದ ಮೇಲೆ ಡೌಟಣ್ಣ ರಾತ್ರಿ ಮಂಡಿ ಹಿಡಿದು ನರಳುವುದು ನಿಂತಿತು.

ಆ ಗಾಡಿಯ ಟೈರುಗಳು ಬಂಡೆಗೆ ಉಜ್ಜಿ ಉಜ್ಜಿ ಬೋಳಾಗಿದ್ದವು. ಪಕ್ಕಗಳಲ್ಲಿ ಸೀಳು ಬಿಟ್ಟು ಒಳಗಿನ ನೂಲು ಹೊರಗೆ ಇಣುಕುತ್ತಿತ್ತು. ಸೋಮವಾರ ಇಂಜಿನಿಯರ್ ಮೇಡಂ ಫೋನು ಮಾಡಿದರು. ಮಾತು ಕಡಿಮೆ, ಹೇಳುವುದನ್ನು ಒಂದೇ ಸಲ ಹೇಳುವ ಹೆಂಗಸು. ಶನಿವಾರ ಬರುತ್ತೇನೆ, ನಿಮ್ಮ ಗಾಡಿಯಲ್ಲೇ ಕೂತು ಟ್ಯಾಂಕು ನೋಡಲು ಹೋಗಬೇಕು, ಅಷ್ಟರೊಳಗೆ ಟೈರು ಬದಲಾಯಿಸಿ ಎಂದರು. ಪಕ್ಕದ ಊರಿನ ಕಚೇರಿಯವರೂ ಆ ಗಾಡಿ ಕೇಳುತ್ತಿದ್ದಾರೆ, ಶನಿವಾರ ಅದು ಗುಡ್ಡ ಹತ್ತದಿದ್ದರೆ ಅವರಿಗೆ ಕಳಿಸಿಬಿಡುತ್ತೇನೆ, ನೀವು ಮೊದಲಿನ ಹಾಗೆ ನಡೆದು ಹೋಗಬಹುದು ಎಂದೂ ಸೇರಿಸಿದರು. ಡೌಟಣ್ಣನ ಮಂಡಿ ಫೋನಿನಲ್ಲೇ ನೋಯತೊಡಗಿತು.

"ಟೈರು ಯಾವುದು ಹಾಕ್ಸೋದು ಮೇಡಂ?"

"ನೀವು ತಾನೇ ದಿನಾ ಓಡಿಸೋರು. ನೀವೇ ನೋಡಿ ತಗೊಳ್ಳಿ. ಬಿಲ್ಲು ಕಚೇರಿಗೆ ಕೊಡಿ."

ಅಷ್ಟೇ ಹೇಳಿ ಫೋನಿಟ್ಟರು. ಆ ರಾತ್ರಿ ಡೌಟಣ್ಣ ನಿದ್ದೆ ಮಾಡಲಿಲ್ಲ. ಒಂದು ಪೊರಕೆ ಬೇಕೆಂದರೂ ಇಬ್ಬರ ಸಹಿ ಕೇಳುವ ಕಚೇರಿ ಅದು. ಅಂಥ ಕಚೇರಿ ನಾಲ್ಕು ಟೈರುಗಳನ್ನು ಅವನ ಇಷ್ಟಕ್ಕೆ ಬಿಡುವುದೆಂದರೇನು? ಇದು ಬಲೆ. ಅವನು ಒಂದು ಅಂಗಡಿ ಆರಿಸುವುದನ್ನೇ ಕಾದಿದ್ದು, ಆರಿಸಿದ ಕೂಡಲೇ ಕಮಿಷನ್ ತಿಂದ ಎಂದು ಹಿಡಿಯುವುದು. ಹೆಂಡತಿಯನ್ನು ಎಬ್ಬಿಸಿ ಕೇಳಿದ. ಅವಳು ನಿದ್ದೆಗಣ್ಣಿನಲ್ಲಿ, ನನ್ನ ತಮ್ಮನಿಗೇ ಟೈರಿನ ಅಂಗಡಿ ಇದೆಯಲ್ಲ, ಅಲ್ಲೇ ಹೋಗಿ ಎಂದು ಮಗ್ಗುಲು ಬದಲಿಸಿದಳು.

ಭಾವಮೈದುನನ ಹೆಸರೆತ್ತಿದರೆ ಡೌಟಣ್ಣನಿಗೆ ಎದೆ ಹೊಡೆದುಕೊಳ್ಳುತ್ತಿತ್ತು. ಮದುವೆಯಾದಾಗಿನಿಂದ ಆ ಮನುಷ್ಯ ಕೇಳಿದ್ದನ್ನು ಕೇಳಿದ ಹಾಗೆ ತಂದುಕೊಡುತ್ತಿದ್ದ, ಕೊಟ್ಟಿದ್ದೆಲ್ಲ ಬಾಳಿಕೆ ಬರುತ್ತಿತ್ತು. ಇಷ್ಟು ದೀರ್ಘಕಾಲ ಒಳ್ಳೆಯವನಾಗಿರಲು ಎಂಥ ಗಟ್ಟಿ ದುರುದ್ದೇಶವಿರಬೇಕು!

ಬೆಳಗಾಗುವಷ್ಟರಲ್ಲಿ ಅವನಲ್ಲೊಂದು ಸಿದ್ಧಾಂತ ತಯಾರಾಗಿತ್ತು. ಅಂಗಡಿಯವರು ಯಾವಾಗಲೂ ಕೇಳಿದ್ದಕ್ಕೆ ಉಲ್ಟಾ ಕೊಡುತ್ತಾರೆ. ಕಲ್ಲಿಗೆ ಬೇಕು ಎಂದರೆ ಮೆತ್ತನೆಯ ನೆಲದ ಟೈರು ಕಟ್ಟಿ ಕಳಿಸುತ್ತಾರೆ. ಆದ್ದರಿಂದ ಮೆತ್ತನೆಯ ನೆಲಕ್ಕೆ ಬೇಕು ಎಂದು ಕೇಳಬೇಕು. ಆಗ ಕೈಗೆ ಬರುವುದೇ ಕಲ್ಲಿನ ಟೈರು. ಕಲ್ಲು ಎಂಬ ಮಾತನ್ನು ಮಾತ್ರ ಬಾಯಿ ತಪ್ಪಿಯೂ ಆಡಬಾರದು. ಇನ್ನು ಒಂದೊಂದು ಅಂಗಡಿಯಲ್ಲಿ ಒಂದೊಂದೇ ಟೈರು ಕೊಂಡರೆ ಕಮಿಷನ್ನಿನ ಮಾತೂ ಏಳುವುದಿಲ್ಲ, ಒಬ್ಬ ಮೋಸ ಮಾಡಿದರೂ ಮೂರು ಚಕ್ರ ಉಳಿಯುತ್ತವೆ. ಇಷ್ಟು ಚೊಕ್ಕಟವಾದ ಯೋಜನೆ ತನಗೇ ಹೊಳೆಯಿತೆಂಬುದರ ಬಗ್ಗೆ ಮಾತ್ರ ಡೌಟಣ್ಣನಿಗೆ ಎಳ್ಳಷ್ಟೂ ಅನುಮಾನ ಬರಲಿಲ್ಲ.

ಮೊದಲ ಅಂಗಡಿ ಬೋಳುತಲೆಯವರದು. ಟೈರುಗಳ ಗೋಪುರದ ನಡುವೆ ಕೂತು ಟ್ಯೂಬಿಗೆ ತೇಪೆ ಹಾಕುತ್ತಿದ್ದರು. ಡೌಟಣ್ಣನನ್ನು ಕಂಡು, ಗುಡ್ಡದ ಗಾಡಿಗೆ ತಾನೇ ಎಂದು ಎದ್ದರು. ಊರಿಗೆಲ್ಲ ನೀರು ಬಿಡುವವನು ಯಾವ ಗಾಡಿಯಲ್ಲಿ ಎಲ್ಲಿಗೆ ಹೋಗುತ್ತಾನೆಂದು ತಿಳಿಯದವರು ಯಾರಿದ್ದಾರೆ? ಡೌಟಣ್ಣ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ.

"ಗುಡ್ಡದ ಮಾತು ಬೇಡ. ಮರಳಿಗೆ ಬೇಕು."

"ಮರಳಿಗಾ?"

"ಹೂಂ. ಒಂದೇ ಸಾಕು."

ಬೋಳುತಲೆಯವರೂ ಬಾಗಿಲ ಕಡೆ ನೋಡಿದರು. ಸುತ್ತಮುತ್ತ ಮರಳು ಇರುವುದು ಹೊಳೆಯಲ್ಲಿ ಮಾತ್ರ. ಅಲ್ಲಿಂದ ಒಂದು ಬುಟ್ಟಿ ಮರಳು ತೆಗೆಯುವುದಕ್ಕೂ ನಿಷೇಧ. ಹಾಗಿದ್ದೂ ತೆಗೆಯುವವರು ಇದ್ದೇ ಇದ್ದರು, ಅವರೂ ಹೀಗೆಯೇ ದನಿ ತಗ್ಗಿಸಿ ಮಾತಾಡುತ್ತಿದ್ದರು. ಬೋಳುತಲೆಯವರು ಮತ್ತೇನೂ ಕೇಳದೆ ಒಳಗಿನಿಂದ ಒಂದು ಟೈರು ತಂದರು. ಅದರ ಮೈಮೇಲೆ ಸೌಟುಗಳನ್ನು ಸಾಲಾಗಿ ಅಂಟಿಸಿದ ಹಾಗಿತ್ತು. ಮರಳನ್ನು ತೋಡಿ ತೋಡಿ ಹಿಂದಕ್ಕೆ ಎಸೆದು ಮುಂದೆ ಹೋಗುತ್ತದೆ, ಮರಳಿಗೆ ಇದನ್ನು ಬಿಟ್ಟರಿಲ್ಲ, ಆದರೆ ಗಟ್ಟಿ ನೆಲದ ಮೇಲೆ ಮಾತ್ರ ಓಡಿಸಬೇಡಿ, ಹಲ್ಲು ಮುರಿಯುತ್ತದೆ ಎಂದು ಪ್ರಾಮಾಣಿಕವಾಗಿ ವಿವರಿಸಿದರು. ಡೌಟಣ್ಣ ಒಳಗೊಳಗೇ ನಕ್ಕ. ಗಟ್ಟಿ ನೆಲಕ್ಕೆ ಬೇಡ ಎಂದರೆ ಗಟ್ಟಿ ನೆಲಕ್ಕೇ ಸರಿ.

ಮರಳಿನ ಮಾತು ಠಾಣೆಗೂ ಮುಟ್ಟಿ, ಸಂಜೆಯ ಹೊತ್ತಿಗೆ ಕಾನ್‌ಸ್ಟೇಬಲ್ ಬಂದ. ಬೀದಿಯ ತಿರುವಿನಲ್ಲಿ ಡೌಟಣ್ಣ ಉದ್ದನೆಯ ಕೀಲಿ ಇಳಿಬಿಟ್ಟು ನೆಲದೊಳಗಿನ ವಾಲ್ವ್ ತಿರುಗಿಸುತ್ತಿದ್ದ. ಕಾನ್‌ಸ್ಟೇಬಲ್ ಹತ್ತಿರ ನಿಂತು, ಹೊಳೆಯಲ್ಲಿ ಈಗ ನೀರು ಹೇಗಿದೆ ಎಂದು ಸುಮ್ಮನೆ ಕೇಳುವವನ ಹಾಗೆ ಕೇಳಿದ. ಇವನು ಕಚೇರಿಯವರು ಕಳಿಸಿದ ಜನ, ಕಮಿಷನ್ನಿನ ಜಾಡು ಹಿಡಿದು ಬಂದಿದ್ದಾನೆ ಎಂದು ಡೌಟಣ್ಣನಿಗೆ ಖಾತ್ರಿಯಾಯಿತು.

"ಹೊಳೆ ಕಡೆ ನಾನು ತಲೆ ಹಾಕೇ ಇಲ್ಲ. ಯಾರು ಹೇಳಿದ್ದು ನಿಮಗೆ? ನೋಡಿದೋರು ಇದ್ರೆ ಕರ್ಕೊಂಡು ಬನ್ನಿ."

ಕಾನ್‌ಸ್ಟೇಬಲ್ ಬರೀ ನೀರಿನ ಬಗ್ಗೆ ಕೇಳಿದ್ದ. ಇಷ್ಟು ಉತ್ತರ ಸಿಕ್ಕಿದ ಮೇಲೆ ಅವನು ಒಂದು ದೀರ್ಘ ಉಸಿರು ಬಿಟ್ಟು, ಟೋಪಿ ಸರಿ ಮಾಡಿಕೊಂಡು ಹೊರಟುಹೋದ. ಅಂದಿನಿಂದ ಡೌಟಣ್ಣ ಎಲ್ಲಿ ಹೋದರೂ ಹಿಂದೆ ಒಂದು ಖಾಕಿ ಬೈಕು ನಿಧಾನವಾಗಿ ಬರುತ್ತಿತ್ತು.

ಎರಡನೆಯ ಅಂಗಡಿ ಕನ್ನಡಕದವರದು. ಅಲ್ಲಿ ಡೌಟಣ್ಣ ಕೆಸರಿಗೆ ಬೇಕು, ಒಂದೇ ಸಾಕು ಎಂದ. ಕನ್ನಡಕದವರು ಕನ್ನಡಕ ತೆಗೆದು ಅವನನ್ನು ನೋಡಿ, ಮತ್ತೆ ಹಾಕಿಕೊಂಡು ನೋಡಿ, ಹೆಬ್ಬೆರಳಿನಷ್ಟು ಎತ್ತರದ ಹಲ್ಲುಗಳು ದೂರ ದೂರಕ್ಕೆ ಎದ್ದು ನಿಂತಿದ್ದ ಟೈರೊಂದನ್ನು ಕೊಟ್ಟರು. ಊರಿನಲ್ಲಿ ಕೆಸರಿರುವುದು ಕೆರೆಯ ಕೊನೆಯ ಜೌಗಿನಲ್ಲಿ. ಅಲ್ಲಿಗೆ ಎಮ್ಮೆಗಳೂ ಯೋಚನೆ ಮಾಡಿ ಇಳಿಯುತ್ತಿದ್ದವು. ವಾಲ್ವ್‌ಮ್ಯಾನಿಗೆ ಅಲ್ಲೇನು ಕೆಲಸ ಎಂಬ ಪ್ರಶ್ನೆ ಅಂಗಡಿಯಿಂದ ಹೊರಟು, ದಾರಿಯಲ್ಲಿ ಉಪ್ಪುಖಾರ ಹಚ್ಚಿಸಿಕೊಂಡು, ಡೌಟಣ್ಣನ ಪಕ್ಕದ ಮನೆಯ ನಿವೃತ್ತ ಗುಮಾಸ್ತರ ಕಿವಿಗೆ ಉತ್ತರವಾಗಿಯೇ ತಲುಪಿತು: ಜೌಗಿನ ದಡದಲ್ಲಿ ಸರ್ಕಾರದವರು ಗುಟ್ಟಾಗಿ ಹೊಸ ಟ್ಯಾಂಕು ಕಟ್ಟುತ್ತಿದ್ದಾರೆ, ನಾಳೆ ಅಲ್ಲೇ ಬಡಾವಣೆ ಏಳುತ್ತದೆ.

ಗುಮಾಸ್ತರು ಕಾಂಪೌಂಡಿನ ಮೇಲಿಂದ ಕತ್ತು ಚಾಚಿ ವಿಚಾರಿಸಿದರು. ನನಗೇನೂ ಗೊತ್ತಿಲ್ಲ ಎಂದ ಡೌಟಣ್ಣ. ನಿಜವಾಗಿಯೂ ಅವನಿಗೇನೂ ಗೊತ್ತಿರಲಿಲ್ಲ. ಆದರೆ ಅದನ್ನು ಹೇಳುವಾಗ ಅವನ ಕಣ್ಣು ಎಡಕ್ಕೂ ಬಲಕ್ಕೂ ಓಡಿದ ಬಗೆ ನೋಡಿ ಗುಮಾಸ್ತರಿಗೆ ಬೇರೆ ಪುರಾವೆ ಬೇಕೆನಿಸಲಿಲ್ಲ. ಮರುದಿನ ಒಳ್ಳೆಯ ಮೂಲೆ ಸೈಟು ಆರಿಸಿಕೊಳ್ಳಲು ಅಳತೆ ಟೇಪು ಹಿಡಿದು ಜೌಗಿಗೆ ಇಳಿದರು. ಮಧ್ಯಾಹ್ನ ಸೊಂಟದವರೆಗೆ ಕೆಸರು ಮೆತ್ತಿಕೊಂಡು, ಒಂದೇ ಕಾಲಿಗೆ ಚಪ್ಪಲಿ ಉಳಿಸಿಕೊಂಡು ಮನೆಗೆ ಬಂದರು. ಎಲ್ಲಿಗೆ ಹೋಗಿದ್ದಿರಿ ಎಂದು ಯಾರು ಕೇಳಿದರೂ ವಾಕಿಂಗ್ ಎಂದರು. ಅವರ ಬಟ್ಟೆಯ ಕೆಸರು ಕಂಡು ಡೌಟಣ್ಣನ ಅನುಮಾನ ಇಮ್ಮಡಿಯಾಯಿತು. ನಾನು ಕೆಸರು ಎಂದೆ, ಇವರು ಕೆಸರಿಗೆ ಹೋಗಿ ನೋಡಿ ಬಂದರು. ಹಾಗಾದರೆ ಇವರೂ ಕಚೇರಿಯವರ ಕಡೆಯವರೇ.

ಮೂರನೆಯ ಅಂಗಡಿ ನಡೆಸುತ್ತಿದ್ದದ್ದು ಒಬ್ಬ ಹೆಂಗಸು. ಊರೆಲ್ಲ ಟೈರಕ್ಕ ಎಂದು ಕರೆಯುತ್ತಿತ್ತು. ಲಾರಿ ಚಕ್ರವನ್ನು ಒಬ್ಬಳೇ ಉರುಳಿಸುವವಳು, ಮಾತನ್ನೂ ಅದೇ ವೇಗದಲ್ಲಿ ಉರುಳಿಸುವವಳು. ಡೌಟಣ್ಣ ಹುಲ್ಲುಹಾಸಿಗೆ ಬೇಕು ಎಂದ. ಹುಲ್ಲು ಹಾಳಾಗಬಾರದು ತಾನೇ ಎಂದಳು ಟೈರಕ್ಕ. ಹಾಳಾಗಬಾರದು ಎಂದ. ಶಬ್ದವೂ ಆಗಬಾರದೇನೋ ಎಂದಳು. ಆಗದಿದ್ದರೆ ಒಳ್ಳೆಯದೇ ಎಂದ. ಅವಳು ತುಟಿ ಬಿಗಿಹಿಡಿದು, ಅಂಗೈಯಂತೆ ನಯವಾದ ಒಂದು ಗಿಡ್ಡ ಟೈರನ್ನು ತೆಗೆದುಕೊಟ್ಟಳು.

ಊರಿನಲ್ಲಿ ಹುಲ್ಲುಹಾಸು ಇರುವುದು ಒಂದೇ ಮನೆಯ ಮುಂದೆ. ಆ ಮನೆಯಲ್ಲಿ ಸಂಗೀತದ ಟೀಚರ್ ಒಬ್ಬರೇ ಇದ್ದರು. ಡೌಟಣ್ಣ ಟೈರು ಹೊತ್ತು ಮನೆಗೆ ಬರುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲೇ ಬಂದು ಅಡುಗೆಮನೆಯಲ್ಲಿ ಕೂತಿತ್ತು. ಹೆಂಡತಿ ಒಂದು ಮಾತೂ ಆಡಲಿಲ್ಲ. ಪಾತ್ರೆಗಳು ಆಡಿದವು. ಇಷ್ಟು ದಿನ ಗಂಡನ ಅನುಮಾನಗಳ ನಡುವೆ ಬದುಕಿದ ಹೆಂಗಸು ಅವಳು. ತನಗೂ ಒಂದು ಸ್ವಂತ ಅನುಮಾನ ಸಿಕ್ಕಿದ್ದು ಅದೇ ಮೊದಲು. ಅದನ್ನು ಜೋಪಾನವಾಗಿ ಬೆಳೆಸತೊಡಗಿದಳು. ಹೊಳೆ, ಕೆರೆ, ಹುಲ್ಲು. ಹೊಳೆಯ ದಂಡೆಯಲ್ಲಿ ಭೇಟಿ, ಕೆರೆಯ ಏರಿಯ ಮೇಲೆ ಮಾತುಕತೆ, ಕೊನೆಗೆ ಹುಲ್ಲು ಬಾಡದ ಹಾಗೆ ಸದ್ದಿಲ್ಲದೆ ಮನೆ ಬಾಗಿಲಿಗೇ. ಮಂಡಿನೋವಿನವರು ಎಂದು ಬಿಸಿನೀರಿನ ಶಾಖ ಕೊಟ್ಟವಳು ತಾನು. ಅವಳಿಗೆ ನಿಜವಾಗಿಯೂ ದುಃಖವಾಯಿತು. ಕಣ್ಣೊರೆಸಿಕೊಂಡು ತಮ್ಮನಿಗೆ ಫೋನು ಮಾಡಿದಳು.

ತಮ್ಮ ಶುಕ್ರವಾರ ವ್ಯಾನು ತೆಗೆದುಕೊಂಡು ಬಂದ. ಅಕ್ಕನ ಗೋಳನ್ನೆಲ್ಲ ಕೇಳಿ, ತಲೆ ಕೆರೆದುಕೊಂಡು, ಭಾವನ ಹತ್ತಿರ ಟೈರಿನ ಮಾತಷ್ಟೇ ತೆಗೆದ. ಅವನಿಗೆ ಬರುತ್ತಿದ್ದ ಮಾತು ಅದೊಂದೇ.

"ಭಾವ, ಇದು ಬಂಡೆಗೇ ಅಂತ ಮಾಡಿದ ಟೈರು. ಪಕ್ಕ ದಪ್ಪ ಇದೆ, ಸೀಳೋದಿಲ್ಲ. ರಬ್ಬರು ಮೆತ್ತಗಿದೆ, ಕಲ್ಲು ಹಿಡ್ಕೊಳ್ಳುತ್ತೆ. ನಾಲ್ಕೂ ತಂದಿದೀನಿ, ಹಾಕ್ಬಿಡ್ಲಾ?"

ಡೌಟಣ್ಣ ಟೈರನ್ನು ಒತ್ತಿ ನೋಡಿದ. ರಬ್ಬರು ಮೆತ್ತಗಿದೆ ಎಂದು ಬಾಯಿಬಿಟ್ಟು ಒಪ್ಪಿಕೊಳ್ಳುತ್ತಿದ್ದಾನೆ, ಎಂಥ ಎದೆಗಾರಿಕೆ! ಆದರೂ ಹೆಂಡತಿಯ ತಮ್ಮ, ಬೇಡ ಎಂದರೆ ಮನೆಯಲ್ಲಿ ಇನ್ನೂ ಎಷ್ಟು ಪಾತ್ರೆ ಬೀಳುತ್ತವೋ. ಒಂದು ಕೊಟ್ಟು ಹೋಗು, ಮೂರು ನನ್ನ ಹತ್ತಿರ ಇವೆ ಎಂದ. ಭಾವಮೈದುನ ಒಂದನ್ನು ಇಳಿಸಿ, ಉಳಿದ ಮೂರನ್ನು ವ್ಯಾನಿನಲ್ಲೇ ಬಿಟ್ಟು, ಅಕ್ಕನ ಒತ್ತಾಯಕ್ಕೆ ಅಂದು ಅಲ್ಲೇ ಉಳಿದ.

ಸಂಜೆ ಡೌಟಣ್ಣ ಹಿತ್ತಲಿನಲ್ಲಿ ಹಗ್ಗ ಕಟ್ಟಿ, ಹಾಸಿಗೆಯ ಹೊದಿಕೆ ಇಳಿಬಿಟ್ಟು, ಅದರ ಮರೆಯಲ್ಲಿ ಒಬ್ಬನೇ ಟೈರು ಕೂರಿಸಿದ. ಸೌಟಿನ ಟೈರು ಮುಂದೆ ಬಲಕ್ಕೆ, ಗಿಡ್ಡ ಟೈರು ಮುಂದೆ ಎಡಕ್ಕೆ, ಎತ್ತರದ ಹಲ್ಲಿನದು ಹಿಂದೆ ಎಡಕ್ಕೆ. ಭಾವಮೈದುನನದನ್ನು ಎಲ್ಲಕ್ಕಿಂತ ಕಡಿಮೆ ಕೆಲಸವಿರುವ ಚಕ್ರ ಯಾವುದು ಎಂದು ಬಹಳ ಯೋಚಿಸಿ ಹಿಂದೆ ಬಲಕ್ಕೆ ಹಾಕಿದ. ನಾಲ್ಕಕ್ಕೂ ನಡುವಿನ ತೂತು ಒಂದೇ ಅಳತೆ, ಎತ್ತರ ಮಾತ್ರ ನಾಲ್ಕು ಬಗೆ. ಹೊದಿಕೆಯ ಈಚೆ ಕಿಟಕಿಯಿಂದ ಹೆಂಡತಿ, ಆಚೆ ಕಾಂಪೌಂಡಿನಿಂದ ಗುಮಾಸ್ತರು, ಬೀದಿಯ ಕೊನೆಯಿಂದ ಕಾನ್‌ಸ್ಟೇಬಲ್ ನೋಡುತ್ತಿದ್ದರು. ಏನೋ ಮುಚ್ಚಿಡುತ್ತಿದ್ದಾನೆ ಎಂಬ ವಿಷಯದಲ್ಲಿ ಮೂವರಿಗೂ ಒಮ್ಮತವಿತ್ತು.

ಶನಿವಾರ ಬೆಳಿಗ್ಗೆ ಇಂಜಿನಿಯರ್ ಮೇಡಂ ಬಂದರು. ಗಾಡಿ ಕುಂಟ ಮೇಜಿನ ಹಾಗೆ ಒಂದು ಮೂಲೆಗೆ ವಾಲಿಕೊಂಡು ನಿಂತಿತ್ತು. ಮೇಡಂ ಅದನ್ನು ಒಂದು ಸುತ್ತು ಹಾಕಿ ನೋಡಿ, ಹಿಂದೆ ಹತ್ತಿ ಕೂತು ಕಂಬಿ ಹಿಡಿದುಕೊಂಡರು. ಡೌಟಣ್ಣ ಹೊರಟ. ನೇರವಾಗಿ ಹೋಗಬೇಕೆಂದು ಹೊರಟಿದ್ದು ಅವನು. ಗಾಡಿಯ ಮನಸ್ಸು ಎಡಕ್ಕಿತ್ತು. ಹಿಡಿಕೆಯನ್ನು ಎಷ್ಟು ಬಲಕ್ಕೆ ಜಗ್ಗಿದರೂ ಅದು ಗಿಡ್ಡ ಟೈರಿನ ಕಡೆಗೇ ಎಳೆಯುತ್ತಿತ್ತು. ಮೇಡಂ ಚಕ್ರದ ಪ್ರತಿ ಸುತ್ತಿಗೂ ಒಮ್ಮೆ ಮೇಲೆ ಹಾರಿ ಕೆಳಗೆ ಕೂರುತ್ತಿದ್ದರು. ನಲ್ಲಿಯಲ್ಲಿ ಇನ್ನೂ ನೀರು ಬಂದಿರಲಿಲ್ಲವಾದ್ದರಿಂದ ಜನರೆಲ್ಲ ಖಾಲಿ ಕೊಡಗಳೊಂದಿಗೆ ತಮ್ಮ ತಮ್ಮ ಮನೆಯ ಗೇಟಿನಲ್ಲೇ ಇದ್ದರು. ಅವರ ಕಣ್ಣೆದುರಿಗೇ ಗಾಡಿ ಬೀದಿಯ ತಿರುವು ದಾಟಿ, ಎಡಕ್ಕೆ ಹೊರಳಿ, ತೆರೆದಿದ್ದ ಒಂದು ಗೇಟಿನೊಳಗೆ ನುಗ್ಗಿತು.

ಅದು ಸಂಗೀತದ ಟೀಚರ್ ಮನೆ. ಹುಲ್ಲುಹಾಸಿನ ಮೇಲೆ ಗಿಡ್ಡ ಟೈರು ತವರಿಗೆ ಬಂದ ಮಗಳ ಹಾಗೆ ಸಲೀಸಾಗಿ ಓಡಿತು. ಟೀಚರ್ ಬಾಗಿಲಿಗೆ ಬಂದು, ಯಾರಪ್ಪಾ ನೀವು ಎಂದು ಕೇಳಿದರು. ಡೌಟಣ್ಣ ಉತ್ತರ ಹೇಳುವ ಮೊದಲೇ ಗಾಡಿ ಹುಲ್ಲಿನ ಮೇಲೆ ಒಂದು ಪೂರ್ತಿ ಸುತ್ತು ಹೊಡೆದು, ಬಂದ ಗೇಟಿನಿಂದಲೇ ಹೊರಗೆ ಹೋಯಿತು. ಇದಿಷ್ಟನ್ನೂ ಡೌಟಣ್ಣನ ಹೆಂಡತಿ ಹಿಂದೆಯೇ ಬಂದ ತಮ್ಮನ ವ್ಯಾನಿನಲ್ಲಿ ಕೂತು ಕಣ್ಣಾರೆ ನೋಡಿದಳು. ಯಾರಪ್ಪಾ ಎಂದು ಕೇಳಿದ್ದು ನಾಟಕ ಎಂದು ತಮ್ಮನಿಗೆ ಹೇಳಿದಳು.

ಆಮೇಲೆ ಅದೊಂದು ಮೆರವಣಿಗೆಯೇ ಆಯಿತು. ಮುಂದೆ ಎಡಕ್ಕೆ ಎಳೆಯುವ ಗಾಡಿ, ಹಿಂದೆ ಖಾಕಿ ಬೈಕು, ಅದರ ಹಿಂದೆ ವ್ಯಾನು, ಹೊಸ ಚಪ್ಪಲಿ ಹಾಕಿಕೊಂಡ ಗುಮಾಸ್ತರು, ಕೊಡಗಳನ್ನು ಗೇಟಿನಲ್ಲೇ ಬಿಟ್ಟು ಬಂದ ಜನ. ಪೇಟೆ ಬೀದಿ ದಾಟುವಾಗ ಮೂವರು ಟೈರು ಅಂಗಡಿಯವರೂ ಹೊರಗೆ ಬಂದು ನೋಡಿದರು. ತಮ್ಮ ಟೈರಿನ ಪಕ್ಕದಲ್ಲೇ ಎದುರಾಳಿಗಳ ಟೈರುಗಳನ್ನು ಕಂಡು, ಉಳಿದಿಬ್ಬರೂ ಸೇರಿ ತನ್ನ ಅಂಗಡಿಯ ಹೆಸರು ಕೆಡಿಸಲು ಈ ವಾಲ್ವ್‌ಮ್ಯಾನನ್ನು ಬಿಟ್ಟಿದ್ದಾರೆ ಎಂದು ಮೂವರಿಗೂ ಒಟ್ಟಿಗೇ ಹೊಳೆಯಿತು. ಅವರೂ ಅಂಗಡಿಯ ಬಾಗಿಲೆಳೆದು ಹೊರಟರು.

ಗುಡ್ಡದ ಬುಡದಲ್ಲಿ ಮೊದಲ ಬಂಡೆಗೇ ಸೌಟಿನ ಟೈರಿನ ಹಲ್ಲುಗಳು ಒಂದೊಂದಾಗಿ ಮುರಿದು ಹಾರಿದವು. ಒಂದು ಬಂದು ಗುಮಾಸ್ತರ ಕಾಲ ಬುಡದಲ್ಲಿ ಬಿತ್ತು. ಎರಡನೆಯ ಬಂಡೆಗೆ ಗಿಡ್ಡ ಟೈರಿನ ಪಕ್ಕ ಸೀಳಿ ಉಸ್ಸೆಂದು ಗಾಳಿ ಹೋಯಿತು. ಕೆಸರಿನ ಟೈರು ತನ್ನ ಎತ್ತರದ ಹಲ್ಲುಗಳ ಮೇಲೆ ಜಾರಿ ಜಾರಿ ಸುತ್ತಿ, ಒಂದು ಚೂಪು ಕಲ್ಲಿಗೆ ಸಿಕ್ಕಿ ಅದೂ ಕುಸಿಯಿತು. ಭಾವಮೈದುನನ ಟೈರೊಂದೇ ಬಂಡೆಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಗಾಡಿ ಹಿಂದಕ್ಕೆ ಉರುಳದಂತೆ ತಡೆದು ನಿಂತಿತ್ತು.

ಮೇಡಂ ಇಳಿದು ಸೀರೆಯ ಧೂಳು ಕೊಡವಿಕೊಂಡರು. ನಾಲ್ಕೂ ಟೈರುಗಳನ್ನು ಬಗ್ಗಿ ನೋಡಿದರು. ಸುತ್ತ ನಿಂತ ಮುಖಗಳನ್ನು ನೋಡಿದರು. ಆಮೇಲೆ ಡೌಟಣ್ಣನನ್ನು ಕೇಳಿದರು.

"ಕಲ್ಲಿಗೆ ಅಂತ ಇವನ್ನ ಕೊಟ್ಟೋರು ಯಾರು? ಅಂಗಡಿಯವರು ಮೋಸ ಮಾಡಿದ್ರೆ ಹೇಳಿ. ಬದಲು ಕೊಡಿಸ್ತೀನಿ, ಗಾಡಿ ನಿಮ್ಮ ಹತ್ರಾನೇ ಇರುತ್ತೆ. ನೀವೇ ಆರಿಸಿದ್ದು ಅಂದ್ರೆ ಇವತ್ತೇ ಕಳಿಸ್ತೀನಿ."

ಜೀವಮಾನವೆಲ್ಲ ಡೌಟಣ್ಣ ಕಾದಿದ್ದ ಗಳಿಗೆ ಅದು. ಮೂವರು ಅಂಗಡಿಯವರು ಸಾಲಾಗಿ ಎದುರಿಗೆ ನಿಂತಿದ್ದರು. ಬೆರಳು ತೋರಿಸಿದರೆ ಸಾಕು, ಗಾಡಿ ಉಳಿಯುತ್ತದೆ, ಮಂಡಿ ಉಳಿಯುತ್ತದೆ. ಅವನು ಬೋಳುತಲೆಯವರನ್ನು ನೋಡಿದ. ಮರಳಿಗೆ ಎಂದಿದ್ದ, ಮರಳಿನದೇ ಕೊಟ್ಟಿದ್ದರು. ಗಟ್ಟಿ ನೆಲಕ್ಕೆ ಬೇಡ ಎಂದೂ ಹೇಳಿದ್ದರು. ಕೆಸರಿಗೆ ಕೆಸರಿನದು. ಹುಲ್ಲಿಗೆ ಹುಲ್ಲಿನದು, ಅದು ಹುಲ್ಲಿನ ಮೇಲೆ ಹೇಗೆ ಓಡಿತೆಂದು ತಾನೇ ನೋಡಿದ್ದ. ಯಾರೂ ಉಲ್ಟಾ ಕೊಟ್ಟಿರಲಿಲ್ಲ. ಈ ವಾರ ಇಡೀ ಊರಿನಲ್ಲಿ ಸುಳ್ಳು ಹೇಳಿಕೊಂಡು ತಿರುಗಿದವನು ಒಬ್ಬನೇ ಒಬ್ಬ, ಅವನನ್ನು ಮಾತ್ರ ಡೌಟಣ್ಣ ಒಂದು ಸಲವೂ ಅನುಮಾನಿಸಿರಲಿಲ್ಲ. ಅವನಿಗೆ ತುಂಬ ನಾಚಿಕೆಯಾಯಿತು. ಮಂಡಿ ಒಂದೇ ಸಮ ಸೆಳೆಯುತ್ತಿತ್ತು.

"ಯಾರೂ ಮೋಸ ಮಾಡಿಲ್ಲ ಮೇಡಂ. ನಾನೇ ಒಂದೊಂದು ಕಡೆ ಒಂದೊಂದು ಸುಳ್ಳು ಹೇಳಿ ತಂದೆ. ಬೇಕಾಗಿದ್ದು ಬರೀ ಕಲ್ಲಿಗೆ."

ಬೋಳುತಲೆಯವರು ಕನ್ನಡಕದವರಿಗೆ ಕಣ್ಣು ಹೊಡೆದು, ಕಲ್ಲಿಗಂತೆ ಎಂದರು. ಕಾನ್‌ಸ್ಟೇಬಲ್, ಇಷ್ಟು ಸುಲಭಕ್ಕೆ ತಪ್ಪೊಪ್ಪಿಕೊಳ್ಳುವವನು ದೊಡ್ಡದನ್ನು ಬಚ್ಚಿಡಲೆಂದೇ ಸಣ್ಣದನ್ನು ಒಪ್ಪಿಕೊಳ್ಳುತ್ತಾನೆ ಎಂದು ಅನುಭವದಿಂದ ನುಡಿದ. ಜೌಗಿನ ಟ್ಯಾಂಕಿನ ಗುಟ್ಟು ಹೊರಬೀಳಬಾರದೆಂದು ಮೇಡಂ ಮುಂದೆ ಹೀಗೆ ಹೇಳಲೇಬೇಕಾಗಿತ್ತು ಪಾಪ ಎಂದರು ಗುಮಾಸ್ತರು. ಡೌಟಣ್ಣ ಅವರ ಮುಖ ಇವರ ಮುಖ ನೋಡಿ, ನಿಜವಾಗಿಯೂ ಕಲ್ಲಿಗೇ, ಆಣೆ ಬೇಕಾದರೂ ಮಾಡುತ್ತೇನೆ ಎಂದ. ಅವನು ಹೇಳಿದಷ್ಟೂ ಅವರ ಅನುಮಾನ ಗಟ್ಟಿಯಾಯಿತು. ನಿಜ ಹೇಳುತ್ತಿರುವವನನ್ನು ಯಾರೂ ನಂಬದಿದ್ದರೆ ಹೇಗಾಗುತ್ತದೆಂದು ಅವನಿಗೆ ಅಂದು ಗೊತ್ತಾಯಿತು.

ಮೇಡಂ ಮಾತ್ರ ಅವನ ಕಡೆಗೇ ತಿರುಗಿದರು.

"ಅಂಗಡಿಯವರ ಮೇಲೆ ಹಾಕ್ಬಿಡಬಹುದಾಗಿತ್ತಲ್ಲ?"

"ಹೌದು ಮೇಡಂ."

ಮೇಡಂ ಗಡಿಯಾರ ನೋಡಿಕೊಂಡರು. ಮಧ್ಯಾಹ್ನದೊಳಗೆ ಈ ಗಾಡಿ ನನ್ನನ್ನು ಮೇಲಕ್ಕೆ ಕರೆದುಕೊಂಡು ಹೋದರೆ ಇಲ್ಲೇ ಇರುತ್ತದೆ, ಇಲ್ಲದಿದ್ದರೆ ಸಂಜೆಗೆ ಪಕ್ಕದ ಊರಿಗೆ ಹೋಗುತ್ತದೆ ಎಂದು ಹೇಳಿ ಒಂದು ಬಂಡೆಯ ಮೇಲೆ ಕೂತರು.

ಭಾವಮೈದುನ ವ್ಯಾನಿನ ಹಿಂಬಾಗಿಲು ತೆರೆದ. ಒಳಗೆ ಮೂರು ಟೈರುಗಳಿದ್ದವು.

"ಭಾವ, ಹಾಕ್ಲಾ?"

ಡೌಟಣ್ಣನ ಗಂಟಲಿಗೆ ಪ್ರಶ್ನೆಗಳು ನುಗ್ಗಿಬಂದವು. ಇವು ನಿನ್ನೆಯವೇ ತಾನೇ? ರಾತ್ರಿ ಬದಲಾಯಿಸಿಲ್ಲ ತಾನೇ? ಇಷ್ಟು ಹೊತ್ತು ಯಾಕೆ ಇಳಿಸದೆ ಇಟ್ಟುಕೊಂಡಿದ್ದೆ? ನಿನಗೇನು ಲಾಭ? ಎಲ್ಲವನ್ನೂ ಒಟ್ಟಿಗೆ ನುಂಗಿದ. ನುಂಗುವಾಗ ಕಣ್ಣಲ್ಲಿ ನೀರು ಬಂತು.

"ಹಾಕಪ್ಪ."

ಸ್ಪಾನರ್ ಹಿಡಿದಿದ್ದ ಭಾವಮೈದುನನ ಕೈ ಅಲ್ಲೇ ನಿಂತಿತು. ಅವನು ಭಾವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಇನ್ನೇನಾದರೂ ಬರುತ್ತದೆಯೇ ಎಂದು ಸ್ವಲ್ಪ ಕಾದ. ಏನೂ ಬರಲಿಲ್ಲ. ಅವನು ತನ್ನ ಟೈರುಗಳನ್ನು ತಾನೇ ತಿರುಗಿಸಿ ಮುರುಗಿಸಿ ಪರೀಕ್ಷಿಸಿ, ಎಲ್ಲವೂ ಸರಿಯಾಗಿರುವುದನ್ನು ಖಚಿತಪಡಿಸಿಕೊಂಡು, ಆಮೇಲೆ ಹಾಕತೊಡಗಿದ.

ಗಾಡಿ ಹೊರಟಿತು. ಎಡಕ್ಕೂ ಎಳೆಯದೆ ಬಲಕ್ಕೂ ಎಳೆಯದೆ ಒಂದೊಂದೇ ಬಂಡೆಯನ್ನು ತಬ್ಬಿಕೊಂಡು ಮೇಲೇರಿತು. ಮೇಡಂ ಕಂಬಿ ಬಿಟ್ಟು ಕೂತಿದ್ದರು. ಗಾಡಿಯ ಸದ್ದು ಮೇಲೆ ಮೇಲೆ ಹೋಗಿ, ನೆತ್ತಿಯಲ್ಲಿ ನಿಂತಿತು. ಸ್ವಲ್ಪ ಹೊತ್ತಿಗೆ ಕೆಳಗೆ ಬೀದಿಯ ನಲ್ಲಿಗಳು ಕೆಮ್ಮುವುದು ಕೇಳಿಸಿತು. ಜನ ಕೊಡಗಳನ್ನು ನೆನಪಿಸಿಕೊಂಡು ಮನೆಗಳತ್ತ ಓಡಿದರು. ಬುಡದಲ್ಲಿ ಅಕ್ಕ ತಮ್ಮ ಇಬ್ಬರೇ ಉಳಿದರು.

"ಟೈರು ಹಾಕೋವಾಗ ಇವರು ಏನು ಕೇಳಿದ್ರೋ?"

"ಏನೂ ಕೇಳ್ಲಿಲ್ಲ ಅಕ್ಕ."

"ಒಂದು ಮಾತೂ?"

"ಹಾಕಪ್ಪ ಅಂದ್ರು, ಅಷ್ಟೇ."

ಅಕ್ಕ ಗುಡ್ಡದ ನೆತ್ತಿಯತ್ತ ಕತ್ತೆತ್ತಿ ನೋಡಿದಳು. ಸಂಗೀತದ ಟೀಚರ್ ಅವಳ ತಲೆಯಿಂದ ಎಂದೋ ಹೊರಟುಹೋಗಿದ್ದರು. ಇದು ಅದಕ್ಕಿಂತ ದೊಡ್ಡ ವಿಷಯ.

"ನೀನು ಒಂದು ನಾಲ್ಕು ದಿನ ನಮ್ಮನೇಲೇ ಇರು," ಎಂದಳು ತಮ್ಮನ ತೋಳು ಹಿಡಿದು. "ಇವರ ಮೇಲೆ ಒಂದು ಕಣ್ಣಿಡ್ಬೇಕು."